ಸ್ವಭಾವದ ಖಾನೆ

ಗಡಿಯಾಚೆ ಮಹಾರಾಷ್ಟ್ರದ ಉಮರ್ಗಾ ಬಸ್‌ ಸ್ಟ್ಯಾಂಡಿನ ಎದುರು ವಿದ್ಯಾವತಿಯ ಟೈಪಿಂಗ್ ಅಂಗಡಿ. ಬಸವಕಲ್ಯಾಣದ ಕಡೆಯಿಂದ ಸೊಸೆಯಾಗಿ ಬಂದ ಆಕೆ ಹನ್ನೆರಡು ವರ್ಷದಿಂದ ಸುತ್ತಲಿನ ಹುಡುಗಿಯರಿಗೆ ಮದುವೆಯ ಬಯೋಡೇಟಾ ಮಾಡಿಕೊಡುತ್ತಾಳೆ. ಮೇಲೆ ಬಸವಣ್ಣನ ಫೋಟೊ, ಕೆಳಗೆ ಎಲ್ಲ ಮರಾಠಿ. ಸ್ವಭಾವದ ಖಾನೆ ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಅದೇನು ಹುಚ್ಚೋ! ಬೀಗರಿಗೆ ಓದಲು ಬಾರದಿದ್ದರೂ ಆ ಶಬ್ದದ ಮೇಲೆ ಬೆರಳಿಟ್ಟು ತಲೆಯಾಡಿಸಬೇಕು.

ವಿದ್ಯಾವತಿ ಎಲ್ಲರಿಗೂ ‘ಡೋಸೈಲ್’ ಎಂದೇ ಟೈಪ್ ಹೊಡೆಯುತ್ತಿದ್ದಳು. ಅರ್ಥ ಕೇಳಿದರೆ, ಹೇಳಿದ ಮಾತು ಕೇಳುವವಳು ಎನ್ನುತ್ತಿದ್ದಳು. ಅಪ್ಪಂದಿರಿಗೆ ಖುಷಿಯೋ ಖುಷಿ. ಅವಳ ಡಿಕ್ಷನರಿಯಲ್ಲಿ ಆ ಶಬ್ದಕ್ಕೆ ಕೊಟ್ಟಿದ್ದ ಉದಾಹರಣೆ ಲಗಾಮು ಎಳೆದತ್ತ ನಡೆಯುವ ಕುದುರೆಯದು. ಅದನ್ನು ಯಾರಿಗೂ ಹೇಳಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಗುಂಜೋಟಿಯ ಕಲ್ಯಾಣಪ್ಪ ಮಗಳು ಸಾರಿಕಾಳನ್ನು ಕರೆತಂದಿದ್ದ. ಹುಡುಗಿ ಬಲು ಮಾತಿನಮಲ್ಲಿ. ಅಪ್ಪನ ಜೊತೆ ವಾದ ಹಾಕಿ, ಅರ್ಥ ಕೇಳಿ, ಸ್ಕ್ರೀನಿಗೆ ಬಗ್ಗಿ, “ನಾ ಹಂಗ ಇಲ್ರೀ ವಿದ್ಯಾವತಿ ಬಾಯಿ. ಅದು ತಗೀರಿ,” ಎಂದಿದ್ದಳು. ಎಲ್ಲರಿಗೂ ಅದೇ ಇರೋದು ಎಂದು ವಿದ್ಯಾವತಿ ನಕ್ಕು ಪ್ರಿಂಟ್ ಕೊಟ್ಟಳು. ನಿಲಂಗಾದ ಗಂಡಿನ ಕಡೆಯವರು ಒಪ್ಪಿದರು.

ಮೊನ್ನೆ ಮಧ್ಯಾಹ್ನ ಸಾರಿಕಾ ಮತ್ತೆ ಬಂದಳು, ತಂಗಿ ಸ್ವಪ್ನಾಲಿಯ ಬಯೋಡೇಟಾಕ್ಕೆ. ಮೊದಲು ಗುರುತೇ ಸಿಗಲಿಲ್ಲ. ಕೂರು ಎಂದರೆ ಕೂತಳು. ಚಹಾ ಕುಡಿ ಎಂದರೆ ಸುಡುವ ಚಹಾವನ್ನು ಹಾಗೆಯೇ ಕುಡಿದಳು. ಗಂಡನ ಮನೆ ಹೇಗಿದೆ ಎಂದರೆ, ಏನು ಹೇಳಬೇಕೆಂದು ಯಾರಾದರೂ ತಿಳಿಸಲಿ ಎಂಬಂತೆ ಬಾಗಿಲ ಕಡೆ ನೋಡಿದಳು. ನಿಲಂಗಾ, ಉದಗೀರದ ಎಷ್ಟು ಮನೆಗಳಲ್ಲಿ ತನ್ನ ಹಾಳೆಯ ಹುಡುಗಿಯರು ಹೀಗೆ ಕೂತಿದ್ದಾರೋ ಎಂದು ವಿದ್ಯಾವತಿ ಹೆದರಿದಳು.

ಹೊರಗೆ ಸ್ವಪ್ನಾಲಿ ಕಬ್ಬಿನ ಹಾಲಿಗೆ ಐಸ್ ಜಾಸ್ತಿಯಾಯಿತೆಂದು ಅಂಗಡಿಯವನ ಜೊತೆ ಜಗಳಕ್ಕೆ ನಿಂತಿದ್ದಳು.

ಸ್ವಭಾವದ ಖಾನೆ ಬಂತು. ತಂಗಿಗೆ ಏನು ಬರೆಯಲಿ ಎಂದು ವಿದ್ಯಾವತಿ ಕೇಳಿದಳು.

“ನಂದ್ರಾಗ ಬರದಿದ್ರಲ್ಲ, ಅದೇ ಬರೀರಿ. ಅಪ್ಪ ಹೇಳ್ಯಾನ,” ಎಂದಳು ಸಾರಿಕಾ. ಸಿಟ್ಟಿಲ್ಲ, ಕೊಂಕಿಲ್ಲ. “ಅದು ಖರೇ ಆಗ್ತದ ಬಾಯಿ.”

ವಿದ್ಯಾವತಿಗೆ ತಡೆಯಲಾಗಲಿಲ್ಲ. ಕಂಪ್ಯೂಟರ್ ಆರಿಸಿಬಿಟ್ಟಳು. “ನಾ ಬರಿಯಂಗಿಲ್ಲ. ಏಳು, ಹೋಗು,” ಎಂದಳು.

ಸಾರಿಕಾ ಯಾಕೆ ಎಂದು ಕೇಳಲಿಲ್ಲ. ಎದ್ದು ಹೋದಳು.