ಮನೆಯೂ ಹೌದು, ಅಂಗಡಿಯೂ ಹೌದು

ಮಲ್ಲವ್ವನ ಪರಿಚಯ ನನಗೆ ಆದದ್ದೇ ಜಗಳದಿಂದ. ಕುರ್ಲಾದ ದತ್ತಪ್ರಸಾದ ಚಾಳಿನ ಮೊದಲ ಮಾಳಿಗೆಯಲ್ಲಿ ನಾನು ಆಗಷ್ಟೇ ಒಂದೇ ಕೋಣೆಯ ಖೋಲಿ ಹಿಡಿದಿದ್ದೆ. ಕನ್ನಡ ಶಾಲೆಯಲ್ಲಿ ಟೀಚರ್ ಕೆಲಸ. ಬೆಳಗಿನ ನಾಲ್ಕೂವರೆಗೆ ಸರಿಯಾಗಿ ನನ್ನ ಖೋಲಿಯ ಕೆಳಗಿನ ಒಂಬತ್ತನೇ ನಂಬರಿನಿಂದ ಟಪ್ ಟಪ್ ಟಪ್ ಎಂದು ಶುರು! ನನ್ನ ಮಂಚವೇ ಕುಣಿಯುತ್ತಿತ್ತು. ಎರಡು ದಿನ ತಡೆದುಕೊಂಡೆ. ಮೂರನೇ ದಿನ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇಳಿದು ಹೋದೆ.

“ಎಂಥ ಸಾವು ಮಾರಾಯ್ತಿ ಇದು! ಮನುಷ್ಯರು ನಿದ್ದೆ ಮಾಡುವುದು ಬೇಡವಾ?” ಎಂದೆ.

ನೆಲದ ಮೇಲೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದ ಹೆಂಗಸು ಕೈ ಒರೆಸಿಕೊಂಡು ಎದ್ದು ನಿಂತಳು. ಮಣೆ ಹಾಕಿದಳು, ತಂಬಿಗೆಯಲ್ಲಿ ನೀರು ಕೊಟ್ಟಳು. “ಕುಂದರ್ರಿ ಅಕ್ಕಾರ. ಬಿಸಿ ರೊಟ್ಟಿ ಐತಿ, ತಿಂದು ಆಮ್ಯಾಲ ಬೈಯೀರಂತ.”

ತಿಂದೆ. ಬೈಯುವುದು ಮರೆತೇ ಹೋಯಿತು. ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು.

ಮಲ್ಲವ್ವ ವಿಜಯಪುರ ಜಿಲ್ಲೆಯ ಇಂಡಿ ಕಡೆಯವಳು. ಮದುವೆಯಾಗಿ ನೇರ ಈ ಖೋಲಿಗೇ ಬಂದವಳು. ಗಂಡ ಶಂಕ್ರೆಪ್ಪ ಕಬ್ಬಿಣದ ಗೋದಾಮಿನಲ್ಲಿ ಹಮಾಲಿ ಮಾಡುತ್ತಿದ್ದ. ಅವನ ಮೊಣಕಾಲು ಹೋದಾಗ ಇವಳು ಅವನ ಜೊತೆಯ ನಾಲ್ಕು ಹಮಾಲರಿಗೆ ರೊಟ್ಟಿ ಕಟ್ಟಿಕೊಡಲು ಶುರು ಮಾಡಿದಳು. ಆ ನಾಲ್ವರು ಹತ್ತಾದರು, ಹತ್ತು ನಲವತ್ತಾದರು. ಈಗ ಬೆಳಗಿನ ಎಂಟರೊಳಗೆ ಇನ್ನೂರು ರೊಟ್ಟಿ. ಶಂಕ್ರೆಪ್ಪ ಹಿಟ್ಟು ನಾದಿ, ರೊಟ್ಟಿ ಬೇಯಿಸಿ, ಶೇಂಗಾ ಚಟ್ನಿ ಕಟ್ಟುತ್ತಾನೆ, ಇವಳು ಬಡಿಯುತ್ತಾಳೆ. ಸುತ್ತಲಿನ ವರ್ಕ್‌ಶಾಪುಗಳವರು, ಲೋಕಲ್ ಹಿಡಿಯಲು ಓಡುವವರು ಬಾಗಿಲಲ್ಲಿ ನಿಂತು ಪೊಟ್ಟಣ ಒಯ್ಯುತ್ತಾರೆ. ಎಂಟರ ಮೇಲೆ ಅದೇ ನೆಲವನ್ನು ತೊಳೆದು ಮನೆ ಮಾಡಿಕೊಳ್ಳುತ್ತಾಳೆ. ಮಗಳು ವೈಶಾಲಿ ಆ ನೆಲದ ಮೇಲೇ ಹುಟ್ಟಿ, ಓದಿ, ಮದುವೆಯಾಗಿ ದಹಿಸರಕ್ಕೆ ಹೋದಳು. ಒಂದು ಬೋರ್ಡಾದರೂ ಹಾಕಿಸು ಎಂದು ನಾನು ಎಷ್ಟೋ ಸಲ ಹೇಳಿದ್ದೆ. “ಬೋರ್ಡ್ ಯಾಕ್ರಿ? ಸಪ್ಪಳ ಕೇಳೂದಿಲ್ಲೇನು?” ಎನ್ನುತ್ತಿದ್ದಳು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ವಾರ್ಡ್ ಆಫೀಸಿನ ಗೋಡೆಗೆ ಒಂದು ದೊಡ್ಡ ಬಣ್ಣದ ಚಿತ್ರ ಅಂಟಿಸಿದರು. ಶಹರದ ಕಟ್ಟಡ ನಿಯಮ ತಿದ್ದುತ್ತಿದ್ದಾರೆ, ನಮ್ಮ ರಸ್ತೆ ಇನ್ನು ಮೇಲೆ ಕಮರ್ಷಿಯಲ್ ಕಾರಿಡಾರ್. ರಸ್ತೆಗೆ ಮುಖ ಮಾಡಿದ ಚಾಳುಗಳೆಲ್ಲ ಹೋಗಿ ಎತ್ತರದ ಬಿಲ್ಡಿಂಗುಗಳು; ಕೆಳಗೆ ಅಂಗಡಿ, ಮೇಲೆ ಮನೆ. ಇದಕ್ಕೆ ಮಿಶ್ರ ಬಳಕೆ ಎಂದು ಹೆಸರು. ಅದಕ್ಕೂ ಮುಂಚೆ ಪ್ರತಿ ಖೋಲಿಯ ಸರ್ವೆ. ಮನೆ ಎಂದು ದಾಖಲಾದವರಿಗೆ ಮೇಲೆ ಫ್ಲ್ಯಾಟು, ಅಂಗಡಿ ಎಂದು ದಾಖಲಾದವರಿಗೆ ಕೆಳಗೆ ಅಂಗಡಿ, ಎರಡೂ ಎಂದು ದಾಖಲಾದವರಿಗೆ ಎರಡೂ. ಮೇಲಿನ ಮಹಡಿಗಳಲ್ಲಿ ಅಡುಗೆಯ ದಂಧೆ ನಡೆಸುವ ಹಾಗಿಲ್ಲ. ಇಷ್ಟು ಓದಿ ನಾನು ಮಲ್ಲವ್ವನಿಗೆ, “ನಿಮಗೆ ಚಿಂತೆ ಇಲ್ಲ ಮಾರಾಯ್ರೆ, ನಿಮ್ಮದು ಎರಡೂ” ಎಂದೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ.

ಸರ್ವೆಯವನ ಹೆಸರು ಅಮಿತ. ಹಿಂದಿನ ದಿನ ಬಂದು, ನಾಳೆ ಹನ್ನೊಂದಕ್ಕೆ ಬರುತ್ತೇನೆ ಎಂದು ಹೇಳಿಹೋದ. ಹೋಗುವಾಗ, ನನ್ನ ಮಮ್ಮಿ ಧಾರವಾಡದವಳು, ಸ್ವಲ್ಪ ಸ್ವಲ್ಪ ಕನ್ನಡ ಬರ್ತದೆ ಎಂದುಬಿಟ್ಟ. ಮುಗಿಯಿತು! ಸರಕಾರದ ಕೆಲಸಕ್ಕೆ ಬರುವವನು, ಅದರಲ್ಲೂ ನಮ್ಮ ಮಂದಿ ಹುಡುಗ. ಮಲ್ಲವ್ವ ಬೆಳಿಗ್ಗೆ ಬೇಗ ಕೆಲಸ ಮುಗಿಸಿ ಖೋಲಿಯನ್ನು ಹಬ್ಬದ ಹಾಗೆ ತಿಕ್ಕಿ ತೊಳೆದಳು. ಹಂಚು, ಹಿಟ್ಟು ನಾದುವ ಪರಾತ ಮಂಚದ ಕೆಳಗೆ ಹೋದವು. ಹಿಟ್ಟಿನ ಎರಡು ಚೀಲ ಎಲ್ಲಿ ಇಡುವುದು? ನನ್ನ ಖೋಲಿಯಲ್ಲಿ. ಚೀಲದ ಒಂದು ತುದಿ ಹಿಡಿದು ಮೆಟ್ಟಿಲು ಹತ್ತಿಸಿದವಳು ನಾನೇ, ಆ ಪಾಪದಲ್ಲಿ ನನಗೂ ಪಾಲಿದೆ. ಜಮಖಾನೆ ಹಾಸಿದಳು, ಶಂಕ್ರೆಪ್ಪನಿಗೆ ಇಸ್ತ್ರಿ ಅಂಗಿ ತೊಡಿಸಿದಳು. ಅಮಿತ ಬಂದು ಎರಡು ಪ್ಲೇಟು ಮಂಡಕ್ಕಿ ಸೂಸಲಾ ತಿಂದ, ಚಾ ಕುಡಿದ, “ಎಷ್ಟು ನೀಟ್ ಇಟ್ಟೀರಿ ಆಂಟಿ” ಎಂದ, ಒಂದು ಕಡೆ ಟಿಕ್ ಹಾಕಿ ಸಹಿ ತೆಗೆದುಕೊಂಡು ಹೋದ. ಟಿಕ್ ಎಲ್ಲಿ ಬಿತ್ತು ಎಂದು ನಾವಿಬ್ಬರೂ ನೋಡಲಿಲ್ಲ.

“ಒಂದು ಹಿಟ್ಟಿನ ಕಣ ಕಾಣ್ಲಿಲ್ಲ ನೋಡ್ರಿ ಅಕ್ಕಾರ ಅವಗ!” ಎಂದು ಅವಳು ಹೆಮ್ಮೆಯಿಂದ ಹೇಳಿದಳು.

ಕಾಣಲಿಲ್ಲ, ಸರಿ. ಎರಡು ತಿಂಗಳಿಗೆ ಸರ್ವೆಯ ಯಾದಿಯನ್ನು ಆಫೀಸಿನ ಗೋಡೆಗೆ ಹಚ್ಚಿದರು. ಖೋಲಿ ನಂಬರ್ ಒಂಬತ್ತು: ವಾಸ ಮಾತ್ರ. ವ್ಯಾಪಾರದ ಕುರುಹು ಕಂಡುಬಂದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಹಾಗಾಯಿತು. ಇಪ್ಪತ್ತೆಂಟು ವರ್ಷದ ಅಂಗಡಿ ಒಂದು ಟಿಕ್ಕಿಗೆ ಇಲ್ಲವಾಯಿತು.

ಓದಿ ಹೇಳಿದಾಗ ಅವಳು ಮೊದಲು ನಕ್ಕಳು. ಆಮೇಲೆ ಮಂಚದ ಮೇಲೆ ಕೂತುಬಿಟ್ಟಳು. ವೈಶಾಲಿ ಫೋನ್ ಮಾಡಿ, “ಸಾಕ ಮಾಡವ್ವಾ ಇನ್ನ. ಫ್ಲ್ಯಾಟ್ ಸಿಗತದ, ಲಿಫ್ಟ್ ಇರತದ, ಆರಾಮ ಇರು” ಎಂದಳು.

“ಹನ್ನೊಂದನೇ ಮಾಳಿಗ್ಯಾಗ ಕುಂತು ಏನ ಮಾಡ್ಲಿ? ಪಾರಿವಾಳಕ್ಕ ಕಾಳ ಹಾಕ್ಲಿ?” ಎಂದು ಮಲ್ಲವ್ವ ಫೋನ್ ಇಟ್ಟಳು.

ನಾನೂ ಬುದ್ಧಿವಂತೆಯಂತೆ, ಮಗಳು ಹೇಳುವುದರಲ್ಲಿ ತಪ್ಪೇನು, ವಯಸ್ಸು ಅರುವತ್ತಾಯಿತು ಎಂದೆ. ಎರಡು ದಿನ ನನ್ನೊಡನೆ ಮಾತಿಲ್ಲ. ರೊಟ್ಟಿ ಮಾತ್ರ ಎಂದಿಗಿಂತ ಜೋರಾಗಿ ಬಡಿದಳು. ಮೂರನೇ ದಿನ ತಾನೇ ಮೇಲೆ ಬಂದು ನಿಂತಳು. “ಅಕ್ಕಾರ, ನೀವು ರಿಟೈರ್ ಆದ್ರಿ, ನಿಮಗ ಪೆನ್ಶನ್ ಐತಿ. ನನಗ ಕೈ ಒಂದ ಐತಿ. ಈ ಕೈ ಸುಮ್ಮನ ಕುಂತ್ರ ನಾ ಮಲ್ಲವ್ವ ಅಲ್ಲ, ಯಾರದೋ ಮುದುಕಿ. ಅರ್ಜಿ ಬರೀತೀರೋ ಇಲ್ಲೋ?”

ನಾಚಿಕೆಯಾಯಿತು. ಬರೆದೆ. ಆಕ್ಷೇಪಣೆಯ ಅರ್ಜಿಗೆ ನನ್ನ ಫೋನ್ ನಂಬರನ್ನೇ ಹಾಕಿದೆ.

ಚಾಳಿನಲ್ಲಿ ಉಪದೇಶ ಮಾಡುವವರಿಗೇನು ಬರ! ಎರಡೂ ಎಂದು ಬರೆಯಬೇಕಾದರೆ ಅಂಗಡಿಯ ಜಾಗ ಬೇರೆ ಕಾಣಬೇಕಂತೆ, ನಡುವೆ ಒಂದು ಪ್ಲೈವುಡ್ ಹೊಡೆಸಿಬಿಡಿ ಎಂದು ಎಲ್ಲರೂ ಹೇಳಿದರು. ಶಂಕ್ರೆಪ್ಪನಿಗೂ ಅದು ಸರಿ ಕಂಡಿತು. “ಒಂದ ಎರಡ ದಿನದ ಮಟ್ಟಿಗೆ ಪ್ಲೈವುಡ್ ನಿಲ್ಲಿಸಿಬಿಡೂಣಲಾ” ಎಂದ.

“ಒಮ್ಮೆ ಮುಚ್ಚಿಟ್ಟು ಕೆಟ್ಟೀನಿ. ಇನ್ನೊಮ್ಮೆ ಸುಳ್ಳ ಗ್ವಾಡಿ ಕಟ್ಟಿ ಕೆಡೂದಿಲ್ಲ” ಎಂದಳು ಮಲ್ಲವ್ವ. ಅಲ್ಲಿಗೆ ಆ ಮಾತು ಮುಗಿಯಿತು.

ಆಕ್ಷೇಪಣೆ ಹಾಕಿದವರನ್ನೆಲ್ಲ ಒಂದು ದಿನ ವಾರ್ಡ್ ಆಫೀಸಿಗೆ ಕರೆದು ಕೇಳುತ್ತಾರೆ, ತಲೆಗೆ ಮೂರು ನಿಮಿಷ. ಮಲ್ಲವ್ವನ ಜೊತೆ ನಾನೂ ಹೋದೆ. ಮೇಜಿನ ಆಚೆ ಕನ್ನಡಕದ ಮ್ಯಾಡಂ. ಲೈಸೆನ್ಸ್ ಇದೆಯಾ, ದುಕಾನಿನ ಲೈಟ್ ಬಿಲ್ ಇದೆಯಾ ಎಂದು ಮರಾಠಿಯಲ್ಲಿ ಕೇಳಿದರು. ಯಾವುದೂ ಇಲ್ಲ. ಹಾಗಾದರೆ ಒಂದು ಹೇಳಿ, ಮನೆಯಾ ಅಂಗಡಿಯಾ ಎಂದರು. ಮಲ್ಲವ್ವನ ಮರಾಠಿ ನನ್ನದಕ್ಕಿಂತ ಚೆನ್ನ, ಆದರೆ ಸಿಟ್ಟು ಬಂದರೆ ಅವಳ ಬಾಯಿಗೆ ಬರುವುದು ಕನ್ನಡವೇ. ಗೋಡೆಯ ಚಿತ್ರಕ್ಕೆ ಕೈ ಮಾಡಿ ಶುರು ಮಾಡಿದಳು.

“ಆ ಚಿತ್ರದಾಗ ಏನ ತೆಗದೀರಿ? ಅಂಗಡಿ, ಮನಿ ಕೂಡೇ ಇರಬೇಕಂತ ಹೌದಲ್ಲೋ? ನೀವು ಈಗ ಕಾಗದದಾಗ ಮಾಡಾಕ ಹೊಂಟಿದ್ದನ್ನ ನಾ ಇಪ್ಪತ್ತೆಂಟ ವರ್ಷದಿಂದ ಮಾಡಾಕತ್ತೀನಿ. ನೀವು ಮ್ಯಾಲ ಕೆಳಗ ಇಟ್ರ ಅದು ಸುಧಾರಣಾ, ನಾ ಒಂದ ನೆಲದ ಮ್ಯಾಲ ಇಟ್ರ ತಪ್ಪಾ? ಮನಿಗಿ ಬಂದ ಹುಡುಗನ್ನ ಹಿಟ್ಟಿನಾಗ ಕುಂದ್ರಸಬಾರದಂತ ಮನಿ ತೊಳದ್ನಿ. ಮರ್ಯಾದಿ ಮಾಡಿದ್ದಕ್ಕ ನನ್ನ ಅಂಗಡಿ ಅಳಿಸಿ ಒಗದೀರಿ!”

ಈ ಬಾಯಿ ಆಫೀಸಿನಲ್ಲಿ ನಡೆದೀತೇ? “ಮ್ಯಾಡಂ, ದಯವಿಟ್ಟು ಇನ್ನೊಮ್ಮೆ ಪರಿಶೀಲಿಸಬೇಕು ಎಂದು ವಿನಂತಿ ಮಾಡುತ್ತಿದ್ದಾರೆ” ಎಂದು ಮರಾಠಿಯಲ್ಲಿ ಹೇಳಿದೆ.

ಮ್ಯಾಡಂ ಕನ್ನಡಕ ತೆಗೆದು ನನ್ನನ್ನು ನೋಡಿದರು. “ನಾ ಸೊಲ್ಲಾಪುರದಾಕಿ ಅದೀನ್ರಿ. ಅವರು ಅಂದಿದ್ದು ನನಗ ಪೂರಾ ತಿಳೀತು” ಎಂದರು, ಅಚ್ಚ ಕನ್ನಡದಲ್ಲಿ. ನನ್ನ ಮುಖ ಎಲ್ಲಿ ಇಟ್ಟುಕೊಳ್ಳಲಿ! ಅವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಎರಡನೇ ಸಲ ನೋಡಿಬರಲು ಕಳಿಸುತ್ತೇನೆ, ಮೂರನೇ ಸಲ ಇಲ್ಲ. ಫಾರ್ಮಿನಲ್ಲಿ ಮನೆಯದು ಎಷ್ಟು ಚದರಡಿ, ಅಂಗಡಿಯದು ಎಷ್ಟು ಚದರಡಿ ಎಂದು ಬೇರೆ ಬೇರೆ ತುಂಬಬೇಕು, ಅದು ಆಗದಿದ್ದರೆ ಯಾದಿಯಲ್ಲಿ ಇರುವುದೇ ಖಾಯಂ ಎಂದರು. ಯಾವ ದಿನ ಕಳಿಸಲಿ ಎಂದು ಕೇಳಿದರು.

“ಹೇಳದ ಕಳಸ್ರಿ. ಬೆಳಿಗ್ಗಿ ನಾಲ್ಕೂವರಿ ಮ್ಯಾಲ ಯಾವಾಗರ ಬರ್ಲಿ. ಹೇಳಿ ಬಂದ್ರ ನನಗ ಮನಿ ತೊಳಿಯೂ ಚಟ ಐತಿ” ಎಂದಳು ಮಲ್ಲವ್ವ.

ಒಂಬತ್ತು ದಿನ ಯಾರೂ ಬರಲಿಲ್ಲ. ಹತ್ತನೆಯ ಬೆಳಿಗ್ಗೆ, ಆರಕ್ಕೆ ಹತ್ತು ನಿಮಿಷ ಇರುವಾಗ, ನಾನು ಬಿಸಿ ರೊಟ್ಟಿಗೆಂದು ಕೆಳಗೆ ಬಂದು ಕೂತಿದ್ದೆ. ಬಾಗಿಲಲ್ಲಿ ನಾಲ್ಕೈದು ಗಿರಾಕಿಗಳು. ಅವರ ಹಿಂದೆ ಫೈಲು ಹಿಡಿದು, ನಿದ್ದೆಗಣ್ಣಿನಲ್ಲಿ ಅಮಿತ. “ನಮಸ್ಕಾರ ಆಂಟಿ” ಎಂದ.

ಮಲ್ಲವ್ವನ ಮೈ ತಾನಾಗಿ ಎದ್ದಿತು. ನಾನು ಕಣ್ಣಾರೆ ಕಂಡೆ, ಒಂದು ಮೊಣಕಾಲು ನೆಲ ಬಿಟ್ಟಿತ್ತು, ಕೈ ಸೆರಗಿಗೆ ಹೋಗಿತ್ತು. ಅಲ್ಲೇ ತಡೆದಳು. ಮತ್ತೆ ಕೂತಳು. ಮನೆಗೆ ಬಂದವರನ್ನು ಹೊಸ್ತಿಲಲ್ಲಿ ನಿಲ್ಲಿಸಿ, ಒಂದು ತಂಬಿಗೆ ನೀರೂ ಕೊಡದೆ ಅವಳು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬಂದಿತ್ತು. ಅವಳಿಗೆ ಅಷ್ಟು ನೋವಾಗುತ್ತಿತ್ತು.

“ನಿಂದ್ರಪಾ. ಇವತ್ತ ಚಾ ಇಲ್ಲ, ಏನೂ ಇಲ್ಲ. ಇವತ್ತ ಬರೇ ನೋಡು” ಎಂದು ಹಿಟ್ಟಿನ ಉಂಡೆ ತೆಗೆದುಕೊಂಡು ಬಡಿಯತೊಡಗಿದಳು.

ಅವನು ನೋಡಿದ. ಒಲೆಯ ಮಗ್ಗುಲಲ್ಲಿ ಶಂಕ್ರೆಪ್ಪನ ಸುತ್ತಿಟ್ಟ ಹಾಸಿಗೆ, ಅದರ ಮೇಲೆ ಆರಲು ಹಾಕಿದ ಕಡಕ್ ರೊಟ್ಟಿ. ದೇವರ ಗೂಡಿನ ಕೆಳಗೆ ಹಿಟ್ಟಿನ ಚೀಲ. ಟಿವಿಯ ಮೇಲೆ ಕಟ್ಟಿದ ಪೊಟ್ಟಣಗಳು. ಮಂಚದ ಮೇಲೆ ನಾನು. ಅವನು ತಲೆ ಕೆರೆದುಕೊಂಡ.

“ವ್ಯಾಪಾರ ಇದೆ ಆಂಟಿ, ದಿಖ್ ರಹಾ ಹೈ. ಲೇಕಿನ್ ಅಂಗಡಿ ಎಲ್ಲಿ ತನಕ? ಮನೆ ಎಲ್ಲಿಂದ ಶುರು? ನನಗೆ ಬೇರೆ ಬೇರೆ ನಂಬರ್ ಬೇಕು.”

ಇದೇ ನಮ್ಮ ಗಂಟಲಲ್ಲಿ ಸಿಕ್ಕಿದ್ದ ಮುಳ್ಳು. ಶಂಕ್ರೆಪ್ಪ ನನ್ನ ಮುಖ ನೋಡಿದ, ನಾನು ಅವನದು. ಪ್ಲೈವುಡ್ ಹೊಡೆಸಿದ್ದರೆ ಈ ಪ್ರಶ್ನೆಯೇ ಬರುತ್ತಿರಲಿಲ್ಲ ಎಂದು ನನಗನ್ನಿಸಿತು, ಸುಳ್ಳು ಹೇಳುವುದಿಲ್ಲ.

ಮಲ್ಲವ್ವ ರೊಟ್ಟಿಯನ್ನು ಹಂಚಿಗೆ ಹಾಕಿದಳು. “ಟೇಪ್ ತಂದೀಯಿಲ್ಲೋ? ಈ ಗ್ವಾಡಿಯಿಂದ ಆ ಗ್ವಾಡಿ ತನಕ ಅಳಿ.”

ಅಳೆದ. ಉದ್ದ ಹನ್ನೆರಡು, ಅಗಲ ಹತ್ತು.

“ಎಷ್ಟಾತು?”

“ಒನ್ ಟ್ವೆಂಟಿ. ನೂರಾ ಇಪ್ಪತ್ತು.”

“ಅದು ಮನಿ. ಬರಿ.”

ಬರೆದ.

“ಈಗ ಮತ್ತ ಅಳಿ.”

“ಅಭೀ ತೋ ಅಳೆದೆ ಆಂಟಿ!”

“ಅದು ಮನಿ ಅಳದಿ. ಈಗ ಅಂಗಡಿ ಅಳಿ.”

ಅಮಿತ ನನ್ನ ಕಡೆ ತಿರುಗಿ, “ಟೀಚರ್, ನೀವಾದರೂ ಹೇಳಿ” ಎಂದ. ಮೂವತ್ತು ವರ್ಷ ಮಕ್ಕಳನ್ನು ಕಾದ ಗಂಟಲು ನನ್ನದು. “ಹೇಳಿದ್ದು ಕೇಳಲಿಲ್ಲವಾ? ಅಳೆ!” ಎಂದೆ. ಗಿರಾಕಿಗಳಲ್ಲಿ ಒಬ್ಬ ತಾನೇ ಬಗ್ಗಿ ಟೇಪಿನ ತುದಿ ಹಿಡಿದ. ಉಳಿದವರು ಕಾಲು ಎತ್ತಿ ದಾರಿ ಬಿಟ್ಟರು. ಹನ್ನೆರಡು, ಹತ್ತು. ವಾಸ ನೂರಿಪ್ಪತ್ತು ಚದರಡಿ, ವ್ಯಾಪಾರ ನೂರಿಪ್ಪತ್ತು ಚದರಡಿ. ಎರಡನ್ನೂ ಅವನಿಂದ ಗಟ್ಟಿಯಾಗಿ ಓದಿಸಿ, ನನಗೆ ಕಾಗದ ತೋರಿಸಿ, ಆಮೇಲೆ ಸಹಿ ಮಾಡಿದಳು. ಅವನು ಬರಿಗೈಯಲ್ಲಿ, ಬರಿಹೊಟ್ಟೆಯಲ್ಲಿ ಹೋದ. ಅವನು ಮೂಲೆ ತಿರುಗಿದ ಮೇಲೆ ಮಲ್ಲವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. “ಯಾರದೋ ಮಗ, ಹಸದು ಬಂದಿದ್ದ” ಎಂದಳು.

ಅಂತಿಮ ಯಾದಿ ಇನ್ನೂ ಬಂದಿಲ್ಲ. ಹೋದ ವಾರ ಆಫೀಸಿನ ಕ್ಲಾರ್ಕ್ ನನ್ನ ನಂಬರಿಗೆ ಫೋನ್ ಮಾಡಿದ. ಖೋಲಿ ಇರುವುದೇ ನೂರಿಪ್ಪತ್ತು ಚದರಡಿ, ಫಾರ್ಮಿನಲ್ಲಿ ಇನ್ನೂರ ನಲವತ್ತು ಬಂದಿದೆ, ಕಂಪ್ಯೂಟರ್ ಒಪ್ಪುತ್ತಿಲ್ಲ, ಒಂದನ್ನು ತೆಗೆಯಬೇಕು, ಯಾವುದು ತೆಗೆಯಲಿ ಎಂದು ಕೇಳಿದ. ನಾನು ಫೋನ್ ಹಿಡಿದು ಓಡಿ ಕೆಳಗೆ ಬಂದು ಮಲ್ಲವ್ವನಿಗೆ ಹೇಳಿದೆ. ಅವಳು ಬಡಿಯುವುದನ್ನು ನಿಲ್ಲಿಸಲಿಲ್ಲ.

“ಯಾವುದೂ ತೆಗಿಬ್ಯಾಡ ಅನ್ರಿ. ಒಂದ ನೆಲದ ಮ್ಯಾಲ ನಾ ಎರಡು ಬಾಳ್ವೆ ಮಾಡೀನಿ. ಕಂಪ್ಯೂಟರ್ ಒಪ್ಪಲಿಲ್ಲಂದ್ರ ಅದನ್ನ ಇಲ್ಲಿಗಿ ಕಳಸ್ರಿ, ಅಳದು ಹೋಗ್ಲಿ.”