ಪೆನ್ಸಿಲ್ ಹೆಸರುಗಳು

ದಾವಣಗೆರೆಯಲ್ಲಿ ನಮ್ಮ ಶಾಲೆಗೆ ಎರಡು ಹೆಸರಿದ್ದವು. ಬೋರ್ಡಿನ ಮೇಲೆ ಬಾಲಕರ ಹೈಸ್ಕೂಲು, ಊರಿನವರ ಬಾಯಲ್ಲಿ ಡುಮ್ಕಿ ಇಸ್ಕೂಲು. ಬೇರೆ ಕಡೆ ಫೇಲಾಗಿ, ನಮ್ಮ ರಿಸಲ್ಟು ಕೆಡಿಸಬೇಡ ಹೋಗು ಎಂದು ಅನ್ನಿಸಿಕೊಂಡ ಹುಡುಗರನ್ನೆಲ್ಲ ನಮ್ಮ ಹೆಡ್ಮಾಸ್ಟರು ಕರೆದು ಸೇರಿಸಿಕೊಳ್ಳುತ್ತಿದ್ದರು. ಆ ಅಡ್ಡಹೆಸರು ಕೇಳಿದರೆ ಮೊದಮೊದಲು ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ವರ್ಷ ಕಳೆಯುವಷ್ಟರಲ್ಲಿ, ಎಲ್ಲಿ ಕೆಲಸ ಮಾಡ್ತೀರಿ ಎಂದು ಯಾರಾದರೂ ಕೇಳಿದರೆ ನಾನೇ ಡುಮ್ಕಿ ಇಸ್ಕೂಲಿನಲ್ಲಿ ಎಂದು ಎದೆ ಸೆಟೆಸಿ ಹೇಳುತ್ತಿದ್ದೆ.

ಐವತ್ತರ ದಶಕದ ನಡುವೆ ನಾನು ಅಲ್ಲಿಗೆ ಗಣಿತ ಹೇಳಿಕೊಡಲು ಸೇರಿದೆ. ಇಡೀ ಶಾಲೆಯಲ್ಲಿ ಸೀರೆ ಉಟ್ಟವಳು ನಾನೊಬ್ಬಳೇ. ಹೆಂಗಸನ್ನು ಗಂಡುಹುಡುಗರ ಮುಂದೆ ನಿಲ್ಲಿಸಲು ಕಮಿಟಿಯವರಿಗೆ ಮನಸ್ಸಿರಲಿಲ್ಲ. ಆದರೆ ಗಣಿತಕ್ಕೆ ಮೇಷ್ಟ್ರು ಸಿಗಲಿಲ್ಲ, ನಾನು ಸಿಕ್ಕೆ. ಹುಡುಗರ ನಾಲಿಗೆಗಂತೂ ಸಾರ್ ಎನ್ನುವುದು ಅಂಟಿಬಿಟ್ಟಿತ್ತು. ಮೊದಲ ದಿನವೇ ಗದರಿದೆ.

"ಸಾರ್ ಅಲ್ಲ, ಅಕ್ಕೋರೆ ಅನ್ನಿ!"

"ಆಗ್ಲಿ ಸಾರ್," ಅಂತು ಇಡೀ ಕ್ಲಾಸು.

ಕಟ್ಟಡ ಮೊದಲು ಹತ್ತಿಯ ಗೋದಾಮಾಗಿತ್ತು. ಸ್ವಾತಂತ್ರ್ಯಕ್ಕೂ ಮುಂಚೆ ನಾಲ್ಕೈದು ಜನ ಹತ್ತಿ ವ್ಯಾಪಾರಿಗಳು ಸೇರಿ ಅದನ್ನು ಶಾಲೆಗೆಂದು ಬಿಟ್ಟುಕೊಟ್ಟಿದ್ದರು. ಆಷಾಢದ ಗಾಳಿ ಎದ್ದರೆ ತೊಲೆಗಳ ಸಂದಿಯಿಂದ ಹಳೆಯ ಅರಳೆ ಉದುರುತ್ತಿತ್ತು. ಹುಡುಗರು ಸೀನುತ್ತ ರೇಖಾಗಣಿತ ಕಲಿಯುತ್ತಿದ್ದರು. ಹರಿಹರದಿಂದ, ಮಾಯಕೊಂಡದಿಂದ ರೈಲಿನಲ್ಲಿ ಬರುವವರೇ ಅರ್ಧ ಶಾಲೆ. ಗಾಡಿ ತಡವಾದರೆ ನಮ್ಮ ಮೊದಲ ಪಿರಿಯಡ್ಡೂ ತಡ. ಇನ್ಸ್‌ಪೆಕ್ಟರು ಒಮ್ಮೆ ಆಕ್ಷೇಪಿಸಿದಾಗ, "ಗಾಡಿಗೆ ಒಂದು ಮೆಮೊ ಕೊಡ್ರಿ ಸ್ವಾಮಿ, ನಾನೂ ಸಹಿ ಹಾಕ್ತೀನಿ," ಎಂದರು ನಮ್ಮ ಹೆಡ್ಮಾಸ್ಟರು.

ಅವರದೇ ಒಂದು ಪದ್ಧತಿಯಿತ್ತು. ಹಾಗೆ ಮಾಡಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಫೇಲಾಗಿ ಮನೆಯಲ್ಲಿ ಕೂತ ಹುಡುಗನ ಹೆಸರನ್ನು ಬೇರೆ ಶಾಲೆಗಳಲ್ಲಿ ಹಾಜರಿ ಪುಸ್ತಕದಿಂದ ಹೊಡೆದು ಹಾಕುತ್ತಿದ್ದರು. ಇವರು ಹೊಡೆಯುತ್ತಿರಲಿಲ್ಲ. ಅವನು ಬರುವವರೆಗೂ ಪ್ರತಿ ವರ್ಷದ ಹೊಸ ಪುಸ್ತಕದಲ್ಲಿ, ಎಲ್ಲರ ಹೆಸರು ಮುಗಿದ ಮೇಲೆ, ಪುಟದ ಕೆಳಗೆ ಪೆನ್ಸಿಲ್ಲಿನಿಂದ ಬರೆಯುತ್ತಿದ್ದರು. ಸರ್ಕಾರಕ್ಕೆ ಕಳಿಸುವ ಲೆಕ್ಕಕ್ಕೆ ಆ ಹೆಸರುಗಳು ಸೇರುತ್ತಿರಲಿಲ್ಲ, ಆದರೆ ದಿನಾ ಬೆಳಿಗ್ಗೆ ಅವನ್ನೂ ಕೂಗಲೇಬೇಕು. ಕೂಗಿದಾಗ ಕ್ಲಾಸಿನವರು ಗೈರುಹಾಜರು ಎನ್ನುವಂತಿಲ್ಲ. "ಬರ್ತಾನೆ ಸಾರ್," ಎನ್ನಬೇಕು. ಹೆಸರಿನವನನ್ನು ಒಮ್ಮೆಯೂ ನೋಡದ ಹುಡುಗರೂ ಗಂಟಲು ಹರಿಯುವಂತೆ ಬರ್ತಾನೆ ಎನ್ನುತ್ತಿದ್ದರು. ಹೀಗೆ ದಿನಾ ಹೇಳಿ ಹೇಳಿ ಅವರಿಗೇ ನಾಚಿಕೆಯಾಗಿ, ಒಂದು ಭಾನುವಾರ ಅವನ ಮನೆ ಹುಡುಕಿಕೊಂಡು ಹೋಗಿ ಎಳೆದು ತರುತ್ತಿದ್ದರು. ಅವನು ಬಂದು ಬೆಂಚಿನ ಮೇಲೆ ಕೂತ ದಿನ ಹೆಡ್ಮಾಸ್ಟರು ಪೆನ್ಸಿಲ್ ಹೆಸರಿನ ಮೇಲೆ ಶಾಯಿ ತಿದ್ದುತ್ತಿದ್ದರು. ನಾನು ಹೊಸಬಳಾಗಿದ್ದಾಗ ಇದು ಹುಚ್ಚಾಟ ಎಂದು ನಕ್ಕಿದ್ದೆ. ಮೊದಲ ಸಲ ಶಾಯಿ ತಿದ್ದಿದ್ದನ್ನು ಕಂಡಾಗ ಬಾಯಿ ಮುಚ್ಚಿಕೊಂಡೆ.

ಅರವತ್ತರ ದಶಕ ಬಂದಂತೆ ನಮ್ಮ ಬೆಂಚುಗಳು ಖಾಲಿಯಾಗತೊಡಗಿದವು. ಹರಿಹರದಲ್ಲಿ ಕಾರ್ಖಾನೆಗಳು ಬಂದವು, ಅಲ್ಲೇ ಹೈಸ್ಕೂಲುಗಳಾದವು. ಮಲೆಬೆನ್ನೂರಿನವರೂ ಅತ್ತ ತಿರುಗಿದರು. ದಾವಣಗೆರೆಯಲ್ಲೇ ದೊಡ್ಡ ಮೈದಾನ, ಪ್ರಯೋಗಶಾಲೆ ಇರುವ, ಹೆಣ್ಣು ಗಂಡು ಒಟ್ಟಿಗೆ ಓದುವ ಶಾಲೆಗಳು ಎದ್ದವು. ಗೋದಾಮಿನಲ್ಲಿ ಸೀನುತ್ತ ಓದಲು ಯಾರಿಗೆ ಬೇಕು? ಬರುವ ಬೇಸಿಗೆಗೆ ಶಾಲೆ ಮುಚ್ಚುವುದು, ಕೊನೆಯ ತರಗತಿಯೊಂದು ಪರೀಕ್ಷೆ ಮುಗಿಸಲಿ, ಕೆಳಗಿನವರಿಗೆ ಟಿ.ಸಿ. ಕೊಡುವುದು ಎಂದು ಕಮಿಟಿ ತೀರ್ಮಾನಿಸಿತು. ಕಮಿಟಿಯವರ ಮೇಲೆ ನನಗೆ ಸಿಟ್ಟಿಲ್ಲ. ಆಗ ಇತ್ತು, ಬೇಕಾದಷ್ಟು ಇತ್ತು.

ಆ ವರ್ಷದ ಪುಟದ ಕೆಳಗೆ ಐದು ಪೆನ್ಸಿಲ್ ಹೆಸರುಗಳಿದ್ದವು. ಮೂವರು ಊರು ಬಿಟ್ಟಿದ್ದರು, ಸುಳಿವಿರಲಿಲ್ಲ. ಒಬ್ಬ ತಾನಾಗಿ ಬಂದ. ಉಳಿದವನು ಐದು ವರ್ಷದ ಹಿಂದೆ ಗಣಿತದಲ್ಲಿ ಫೇಲಾಗಿ, ತಂದೆಯ ಮಂಡಕ್ಕಿ ಹುರಿಯುವ ಭಟ್ಟಿಯಲ್ಲಿ ಕೆಲಸಕ್ಕೆ ನಿಂತವನು. ಅವನ ಮನೆಗೆ ಹೋಗಿಬಂದ ಹುಡುಗರು ಸಪ್ಪೆ ಮುಖ ಹಾಕಿಕೊಂಡು, "ಬರಲ್ಲ ಅಂತಾರೆ ಸಾರ್, ಅವರಿಗೆ ಮೀಸೆ ಐತೆ, ಎರಡು ಮಕ್ಳು ಬ್ಯಾರೆ," ಎಂದರು. ಸರಿ, ನಾನೇ ಹೊರಟೆ.

ಭಟ್ಟಿಯ ಓಣಿಯಲ್ಲಿ ಹೊಟ್ಟಿನ ಹೊಗೆ ಕಣ್ಣು ಉರಿಸುತ್ತಿತ್ತು. ಅವನ ತಂದೆ ಹೆಗಲ ಟವೆಲ್ಲಿನಿಂದ ಹಲಗೆ ಒರೆಸಿ, "ಬರ್ರಿ ಅಕ್ಕೋರೆ, ಕೂಡ್ರಿ," ಎಂದರು. ಮಗ ಒಲೆಯ ಮುಂದೆ ಕೆಮ್ಮುತ್ತ ನಿಂತಿದ್ದ. ನನ್ನನ್ನು ಕಂಡು ಲುಂಗಿ ಇಳಿಸಿಕೊಂಡು ತಲೆ ತಗ್ಗಿಸಿದ.

ತಂದೆಯೇ ಹೇಳಿದರು: "ಇವನ ಎದಿಗೆ ಹೊಗಿ ಆಗಂಗಿಲ್ಲ ಅಂತ ಡಾಕ್ಟ್ರು ಖಡಕ್ ಹೇಳ್ಯಾರೆ. ಮಿಲ್ಲಿನ ಆಫೀಸ್ನಾಗೆ ಒಂದು ಜಾಗ ಐತಂತೆ, ಎಸ್ಸೆಸ್ಸೆಲ್ಸಿ ಪಾಸಾದೋರಿಗೆ ಮಾತ್ರ. ಇವಂದು ಎಲ್ಲೈತ್ರಿ ಪಾಸು?"

"ಅದಕ್ಕೇ ಕರೆಯೋಕೆ ಬಂದಿದ್ದೀನಿ," ಎಂದೆ.

ಅವನು ತಲೆ ಎತ್ತಲಿಲ್ಲ. "ಆ ಹುಡುಗರ ಜತಿ ಹೆಂಗೆ ಕೂಡ್ಲಿ ಸಾರ್? ನಕ್ಕಾರು."

"ನಗ್ಲಿ ಬಿಡು. ನಿನ್ನ ಹೆಸರು ದಿನಾ ಕೂಗ್ತೀನಿ, ಅವರು ದಿನಾ ಬರ್ತಾನೆ ಅಂತಾರೆ."

"ಇನ್ನೂ ಐತಾ ನನ್ನ ಹೆಸರು?" ಎಂದ. ನಂಬದವನಂತೆ ತಂದೆಯ ಕಡೆ ನೋಡಿದ. ಐದು ವರ್ಷ ಅವನು ಹೊಗೆಯಲ್ಲಿ ನಿಂತಿದ್ದಾಗ ಇಪ್ಪತ್ತು ಮೂವತ್ತು ಗಂಟಲುಗಳು ಬೆಳಿಗ್ಗೆ ಬೆಳಿಗ್ಗೆ ಅವನ ಪರವಾಗಿ ಮಾತು ಕೊಡುತ್ತಿದ್ದವು ಎಂದು ಅವನು ಎಣಿಸಿಯೇ ಇರಲಿಲ್ಲ, ಮೊದಲ ವರ್ಷವೇ ಹೆಸರು ಅಳಿಸಿರುತ್ತಾರೆ ಎಂದುಕೊಂಡಿದ್ದ. ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯ ನೆಪ ಇತ್ತು, ಒರೆಸಿಕೊಂಡೆ.

ಮುಂದಿನ ಸೋಮವಾರ ಬಂದ, ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು. ಹೆಡ್ಮಾಸ್ಟರು ಶಾಯಿ ತಿದ್ದಿದರು. ಹುಡುಗರು ನಕ್ಕರು, ನಿಜ. ಮಧ್ಯಾಹ್ನಕ್ಕೆ ಅವನನ್ನು ಕಾಕಾ ಎಂದು ಕರೆಯುತ್ತ ಅವನು ತಂದ ಮಂಡಕ್ಕಿ ತಿನ್ನುತ್ತಿದ್ದರು.

ಅವನು ದಡ್ಡನಾಗಿರಲಿಲ್ಲ. ಲೆಕ್ಕ ಕೊಟ್ಟರೆ ಕಣ್ಣು ಮುಚ್ಚಿ ಉತ್ತರ ಹೇಳಿಬಿಡುತ್ತಿದ್ದ. ಕಾಗದದ ಮೇಲೂ ಉತ್ತರ ಮಾತ್ರ ಬರೆಯುತ್ತಿದ್ದ, ಅದೇ ಅವನ ಕೇಡು. ಹಂತ ಬರೆಯದಿದ್ದರೆ ನಂಬರು ಕೊಡುವವರು ಯಾರು?

"ಉತ್ರ ಬಂದೈತಲ್ರಿ ಸಾರ್, ದಾರಿ ಯಾಕ ಬೇಕು?"

"ಪೇಪರ್ ತಿದ್ದೋರು ನಿನ್ನ ಭಟ್ಟಿಗೆ ಬಂದು ಹೆಂಗೆ ಬಂತು ಅಂತ ಕೇಳಲ್ಲಪ್ಪ, ಅದಕ್ಕೆ."

ಮೂರು ತಿಂಗಳು ನನಗೂ ಅವನಿಗೂ ಇದೇ ಜಗಳ. ಸಂಜೆ ಪಿ.ಜೆ. ಬಡಾವಣೆಯ ನಮ್ಮ ಮನೆಯ ಜಗುಲಿಯಲ್ಲೂ ಅದೇ. ಅವನು ಉತ್ತರ ಹೇಳಿದರೆ ನಾನು ಕಿವಿ ಮುಚ್ಚಿಕೊಳ್ಳುತ್ತಿದ್ದೆ. ನನ್ನ ಮನೆಯವರು, "ಸರಿಯಾಗೇ ಹೇಳಿದಾನಲ್ಲೇ," ಎಂದು ಒಳಗಿನಿಂದ ಕೂಗಿದರೆ ಅವರಿಗೂ ಬೈಗುಳ ಬೀಳುತ್ತಿತ್ತು.

ಪರೀಕ್ಷೆಗೆ ನಮಗೆ ಹರಿಹರದ ಕೇಂದ್ರ ಸಿಕ್ಕಿತು. ಗಣಿತದ ದಿನ ನಾನೂ ಅವರ ಜೊತೆ ಗಾಡಿ ಹತ್ತಿದೆ. ಹುಡುಗರು ಒಳಗೆ ಹೋದ ಮೇಲೆ ಹೊಳೆಯ ಕಡೆ ನಡೆದು ಕಲ್ಲಿನ ಮೇಲೆ ಕೂತೆ. ಬೇಸಿಗೆಯ ತುಂಗಭದ್ರೆ ಮರಳಿನ ನಡುವೆ ಸಣ್ಣಗೆ ಹರಿಯುತ್ತಿತ್ತು. ನನ್ನ ಸ್ವಂತ ಪರೀಕ್ಷೆಗೂ ನಾನು ಅಷ್ಟು ಹೆದರಿರಲಿಲ್ಲ. ಖಾಸಗಿಯಾಗಿ ಇನ್ನೊಮ್ಮೆ ಕಟ್ಟುವ ದಾರಿಯೇನೋ ಇತ್ತು, ಆದರೆ ಶಾಲೆಯಿಲ್ಲದೆ ಅವನು ಮತ್ತೆ ಪುಸ್ತಕ ಹಿಡಿಯುವವನಲ್ಲ. ಭಟ್ಟಿ ಅವನ ಎದೆಯನ್ನು ತಿಂದುಹಾಕುತ್ತದೆ ಎಂದು ನನಗೆ ಗೊತ್ತಿತ್ತು.

ಹೊರಗೆ ಬಂದವನನ್ನು ತಡೆದು ಕೇಳಿದೆ. "ದಾರಿ ಬರೆದೆಯಾ?"

"ಎಲ್ಲಾದಕ್ಕೂ ಬರೆದೀನಿ ಸಾರ್." ಪ್ರಶ್ನೆಪತ್ರಿಕೆ ಮಡಿಸುತ್ತ, "ಒಂದರಾಗೆ ದಾರಿ ಬರ್ದು ಬರ್ದು ಉತ್ರ ಬರಿಯೋದೇ ಮರ್ತೆ," ಎಂದ.

ಅಲ್ಲೇ ರಸ್ತೆಯಲ್ಲಿ ಅವನಿಗೆ ಎರಡು ಬಿಗಿಯಬೇಕೆನಿಸಿತು. ಎರಡು ಮಕ್ಕಳ ತಂದೆ ಎಂದು ಬಿಟ್ಟೆ.

ಬೇಸಿಗೆಯ ಕೊನೆಗೆ ಫಲಿತಾಂಶ ಬಂತು. ಪತ್ರಿಕೆಯ ಸಣ್ಣ ಅಕ್ಷರದ ಸಾಲುಗಳಲ್ಲಿ ಅವನ ನಂಬರಿತ್ತು. ನಮ್ಮ ಹುಡುಗರಲ್ಲಿ ಇಬ್ಬರು ಫೇಲಾಗಿದ್ದರು. ಅವರನ್ನು ನಾನೇ ಕೈ ಹಿಡಿದು ಕರೆದುಕೊಂಡು ಹೋಗಿ, ಬೇರೊಂದು ಶಾಲೆಯಲ್ಲಿ ಅಲ್ಲಿಯವರೊಡನೆ ವಾದ ಮಾಡಿ ಸೇರಿಸಿದೆ. ಬೆಂಚು, ಕಪ್ಪು ಹಲಗೆ, ಗ್ಲೋಬು ಎಲ್ಲ ಹಂಚಿಹೋದವು. ಕೊನೆಯ ಟಿ.ಸಿ. ಕೊಡುವವರೆಗೆ ಆಫೀಸಿನ ಕೋಣೆ ಮಾತ್ರ ತೆರೆದಿರಲಿ ಎಂದಿತ್ತು ಕಮಿಟಿ.

ಕೊನೆಗೆ ಬಂದವನು ಅವನೇ. ಹೆಂಡತಿಯ ತವರು ಮಲೆಬೆನ್ನೂರಿಗೆ ಹೋಗಿದ್ದವನಿಗೆ, ಮಿಲ್ಲಿನವರು ಟಿ.ಸಿ. ಕೇಳಿದ ಸುದ್ದಿ ತಡವಾಗಿ ಮುಟ್ಟಿತ್ತು. ಮೇಜಿನ ಮೇಲೆ ಒಂದು ರಬ್ಬರ್ ಮೊಹರು ಇತ್ತು. ಕಮಿಟಿಯವರೇ ಮಾಡಿಸಿ ಕೊಟ್ಟದ್ದು. ಶಾಲೆ ಬಿಡಲು ಕಾರಣ ಎಂಬ ಅಂಕಣದಲ್ಲಿ ಅದನ್ನು ಒತ್ತಿದರೆ 'ಶಾಲೆ ಮುಚ್ಚಲ್ಪಟ್ಟಿದ್ದರಿಂದ' ಎಂದು ಬೀಳುತ್ತಿತ್ತು. ಕೆಳಗಿನ ತರಗತಿಯ ಹುಡುಗರಿಗೆಲ್ಲ ಅದನ್ನೇ ಒತ್ತಿ ಒತ್ತಿ ನನ್ನ ಕೈ ನೇರಳೆಯಾಗಿತ್ತು. ಅಭ್ಯಾಸಬಲದಿಂದ ಅವನ ಕಾಗದಕ್ಕೂ ಮೊಹರು ಎತ್ತಿದೆ. ಹೆಡ್ಮಾಸ್ಟರು ನನ್ನ ಕೈ ತಡೆದರು. ಪೆನ್ನು ಶಾಯಿಯಲ್ಲಿ ಅದ್ದಿ, ತಮ್ಮ ದುಂಡಗಿನ ಅಕ್ಷರದಲ್ಲಿ 'ತೇರ್ಗಡೆಯಾದ್ದರಿಂದ' ಎಂದು ಬರೆದರು. ಸೇರಿದ ತಾರೀಖು ಅವನು ಮೊದಲು ಸೇರಿದ ದಿನದ್ದೇ.

ಅವನು ಕಾಗದವನ್ನು ಎರಡು ಸಲ ಓದಿದ. ಬೆರಳು ಮಡಿಸಿ ವರ್ಷ ಎಣಿಸಿದ.

"ಭಾಳ ವರ್ಷ ಆದ್ವಲ್ರಿ ಸಾರ್. ಮಿಲ್ಲಿನೋರು ಕೇಳಿದ್ರೆ ಏನ್ ಹೇಳ್ಲಿ? ಇಸ್ಕೂಲು ಮುಚ್ಚೈತಂತ ಊರಿಗೆಲ್ಲ ಗೊತ್ತು, ಅದಕ್ಕೇ ಬಿಟ್ಟೆ ಅಂತ ತಿಳ್ಕಂತಾರೇನೋ."

ಹೆಡ್ಮಾಸ್ಟರು ಎದ್ದು ಕನ್ನಡಕ ಜೇಬಿಗಿಟ್ಟರು. "ಹಂಗಲ್ಲ ಅಂತ ಹೇಳು. ನೀನು ಪಾಸಾಗಿ ಹೋಗೋತನಕ ಇಸ್ಕೂಲು ತೆಗೆದಿತ್ತು. ನೀನು ಹೋದ ಮ್ಯಾಲೆ ಮುಚ್ಚಿದ್ವಿ."

ಅವನು ನಮ್ಮಿಬ್ಬರಿಗೂ ಸಲಾಂ ಮಾಡಿ ಮೆಟ್ಟಿಲಿಳಿದು ಹೋದ. ಅವನು ರಸ್ತೆ ದಾಟುವವರೆಗೂ ಹೆಡ್ಮಾಸ್ಟರು ಬಾಗಿಲಿಗೆ ಬೀಗ ಹಾಕಲಿಲ್ಲ.