ಪೆಟ್ಟಿಗೆಯೊಳಗಿನ ಎಡಗೈ

ದೇವರಿಗೆ ಕೈಮುಗಿಯುವುದರಲ್ಲಿ ನಾನು ಸ್ವಲ್ಪ ಸೋಮಾರಿ. ಆದರೆ ಮೊನ್ನೆ ರವಿವಾರ ಮೊಳದುದ್ದದ ಒಂದು ಕರಿ ಕೇಬಲ್ಲಿಗೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕೈಮುಗಿದೆ. ಮೂಡಲಗಿಯಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುವ ಮಾಸ್ತರ ಹೀಗೆ ಮಾಡಬಾರದು ಎನ್ನುತ್ತೀರೇನೋ. ನಡೆದದ್ದನ್ನು ಹೇಳುತ್ತೇನೆ, ಆಮೇಲೆ ಬೈಯಿರಿ.

ನಾನು ಭಜನಾ ಮೇಳದಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ, ಬಾರಿಸುತ್ತೇನೆ. ಬಾರಿಸುತ್ತೇನೆ ಎಂಬುದು ನನ್ನ ಅಭಿಪ್ರಾಯ. ಮೇಳದವರಿಗೆ ಬೇರೆ ಅಭಿಪ್ರಾಯವಿದೆ. ನನ್ನ ತಪ್ಪುಗಳನ್ನು ವರ್ಷಗಟ್ಟಲೆ ಮುಚ್ಚಿಕೊಂಡು ಬಂದವರು ನಮ್ಮ ತಬಲಾದವರು, ಘಟಪ್ರಭಾದ ರಾಜೇಸಾಬ ಕಾಕಾ. ನಾನು ಎಡವಿದ ಕಡೆಯೆಲ್ಲ ಅವರ ಎಡಗೈ ತಬಲಾದ ಜೋಡಿ ಡಗ್ಗಾದ ಮೇಲೆ ಗುಂ ಎಂದು ಇಳಿದು, ಕೇಳುವವರ ಕಿವಿಯನ್ನು ಅತ್ತ ಎಳೆದುಕೊಂಡುಬಿಡುತ್ತಿತ್ತು. ಹೋದ ಮಳೆಗಾಲದಲ್ಲಿ ಕಾಕಾಗೆ ಲಕ್ವಾ ಹೊಡೆಯಿತು. ಮಾತು ಉಳಿಯಿತು, ನಡಿಗೆ ನಿಧಾನಕ್ಕೆ ಬಂತು, ಎಡಗೈ ಮಾತ್ರ ಬರಲಿಲ್ಲ. ಕೊನೆಗೆ ತಬಲಾ, ಡಗ್ಗಾ ಎರಡನ್ನೂ ಹತ್ತರಗಿಯ ಭಜನೆಯ ಬಸಪ್ಪನಿಗೆ ಕೊಡುತ್ತೇನೆ, ರವಿವಾರ ಬಂದು ಒಯ್ಯಲಿ ಎಂದು ಹೇಳಿ ಕಳಿಸಿದರಂತೆ. ಸುದ್ದಿ ಕೇಳಿದ ದಿನ ನನಗೆ ಊಟ ಸೇರಲಿಲ್ಲ.

ನನ್ನ ಬಳಿ ಎರಡು ಪೆಟ್ಟಿಗೆಗಳಿದ್ದವು. ಒಂದು ರಿದಮ್ ಮಷಿನ್: ಗುಂಡಿ ಒತ್ತಿದರೆ ತಾಳ ಹಾಕುತ್ತದೆ, ದಣಿಯುವುದಿಲ್ಲ, ನಡುವೆ ಚಹಾ ಕೇಳುವುದಿಲ್ಲ. ಇನ್ನೊಂದು ಲೂಪರ್: ಕಾಲಿನಿಂದ ಒಮ್ಮೆ ಒತ್ತಿ, ಮೈಕಿನ ಮುಂದೆ ಬಾರಿಸಿ, ಮತ್ತೊಮ್ಮೆ ಒತ್ತಿದರೆ ಬಾರಿಸಿದ್ದನ್ನೇ ತಿರುತಿರುಗಿ ನುಡಿಸುತ್ತದೆ. ಹೇಳಿದ್ದನ್ನೇ ಹೇಳುವುದಕ್ಕೆ ಮನೆಯಲ್ಲಿ ನೀವಿದ್ದೀರಲ್ಲ, ಇದ್ಯಾಕೆ ತಂದಿರಿ ಎಂದು ಹೆಂಡತಿ ಕೇಳಿದ್ದಳು. ನನ್ನ ಲೆಕ್ಕಾಚಾರ ಇಷ್ಟೇ: ಕಾಕಾ ಬಲಗೈಯಿಂದಲೇ ಮೊದಲು ಎಡಗೈಯ ಪೆಟ್ಟುಗಳನ್ನು ಡಗ್ಗಾದ ಮೇಲೆ ಬಾರಿಸಲಿ, ಲೂಪರ್ ಹಿಡಿದಿಟ್ಟುಕೊಳ್ಳಲಿ, ಆಮೇಲೆ ಅದೇ ಬಲಗೈ ತಬಲಾಕ್ಕೆ ಬರಲಿ.

ರವಿವಾರ ಬೆಳಿಗ್ಗೆ ಪೆಟ್ಟಿಗೆಗಳ ಚೀಲ, ಪೇಟಿ ಎರಡನ್ನೂ ಹೊತ್ತು ಘಟಪ್ರಭಾದ ಬಸ್ಸು ಹತ್ತಿದೆ. ಕಾಕಾ ನನ್ನ ಮಾತನ್ನು ಪೂರ್ತಿ ಕೇಳಿ, ನನ್ನ ಮನಸ್ಸು ನೋಯಬಾರದೆಂದೇ ಡಗ್ಗಾದ ಮುಂದೆ ಕೂತರು. ನಾನು ತಾಳದ ಪೆಟ್ಟಿಗೆ ಹಚ್ಚಿದೆ; ಅದರ ಜೊತೆ ಬಾರಿಸಿದರು, ಒತ್ತಿದರು. ಎರಡು ಸುತ್ತಿನೊಳಗೆ ಎಲ್ಲ ಕೆಟ್ಟಿತು. ತಾಳದ ಪೆಟ್ಟಿಗೆ ಗೋಕಾಕ ಮುಟ್ಟಿದರೆ ಡಗ್ಗಾ ಇನ್ನೂ ಹುಕ್ಕೇರಿಯಲ್ಲೇ. ಮತ್ತೆ ಮಾಡಿದರೂ ಅಷ್ಟೇ. ಕಾರಣ ನನಗೆ ತಡವಾಗಿ ತಿಳಿಯಿತು. ನಮ್ಮವರಿಗೆ ಎಂಟು ಮಾತ್ರೆಯ ತಾಳ ಎಂಟಕ್ಕೆ ಮುಗಿಯುವುದಿಲ್ಲ. ಸುತ್ತಿ ಬಂದು ಮತ್ತೆ ಮೊದಲ ಪೆಟ್ಟಿನ ಮೇಲೆ ನಿಂತಾಗಲೇ ಮುಗಿದಂತೆ. ಕಾಕಾ ಆ ಪೆಟ್ಟನ್ನು ಗತ್ತಿನಿಂದ ಹೊಡೆದು, ಆಮೇಲೆ ಕಾಲು ಒತ್ತುತ್ತಿದ್ದರು. ಲೂಪರಿಗೆ ಗತ್ತು ಎಲ್ಲಿ ತಿಳಿಯಬೇಕು, ಅದು ಒಂಬತ್ತು ಮಾತ್ರೆ ನುಂಗಿ ಕೂರುತ್ತಿತ್ತು. ಸ್ವಲ್ಪ ಮೊದಲೇ ಒತ್ತಿರಿ ಎಂದರೆ, ಕೈ ತೊಳೆಯದೆ ಊಟದಿಂದ ಏಳು ಅಂದಂತಾಯಿತು ಎಂದು ನಕ್ಕರು. ನಕ್ಕು ಡಗ್ಗಾಕ್ಕೆ ಬಟ್ಟೆ ಮುಚ್ಚಿದರು.

"ಇರಲಿ ಬಿಡ್ರಿ ಸರ," ಎಂದರು. "ಇದ್ದ ಕೈಲೆ ನಮಾಜಿಗೆ ನಿಂದರತೇನಿ, ಉಣತೇನಿ. ಅಷ್ಟ ಸಾಕು."

ನನಗೆ ಕಣ್ಣು ತುಂಬಿತು. ಮುಖ ಮುಚ್ಚಿಕೊಳ್ಳಲು ಚೀಲದೊಳಗೆ ಏನೋ ಹುಡುಕುವಂತೆ ನಟಿಸಿದಾಗ ಆ ಕರಿ ಕೇಬಲ್ ಕೈಗೆ ಬಂತು. ಒಂದೇ ತೊಲೆಗೆ ತೂಗುಹಾಕಿದ ಎರಡು ಗಡಿಯಾರಗಳ ಲೋಲಕಗಳು ತಾವಾಗಿಯೇ ಹೊಂದಿಕೊಂಡದ್ದನ್ನು, ಜ್ವರ ಬಂದು ಮಲಗಿದ್ದ ಒಬ್ಬ ವಿಜ್ಞಾನಿ ಹಿಂದೆಂದೋ ಕಂಡನಂತೆ. ಎಷ್ಟು ವರ್ಷ ಪಾಠ ಹೇಳಿದ್ದೇನೆ, ಆದರೆ ತೊಲೆ ಚೀಲದಲ್ಲೇ ಇರಬಹುದೆಂದು ಹೊಳೆದಿರಲಿಲ್ಲ. ಎರಡು ಪೆಟ್ಟಿಗೆಗಳ ನಡುವೆ ಸಿಕ್ಕಿಸುವ ಈ ಕೇಬಲ್ಲಿನಲ್ಲಿ ಸಂಗೀತ ಹರಿಯುವುದಿಲ್ಲ. ಒಂದು ಪೆಟ್ಟಿಗೆ ಇನ್ನೊಂದಕ್ಕೆ "ಈಗ, ಈಗ, ಈಗ" ಎಂದಷ್ಟೇ ಹೇಳುತ್ತಿರುತ್ತದೆ. ಒಂದು ಹೇಳಬೇಕು, ಇನ್ನೊಂದು ಕೇಳಬೇಕು. ನಾನು ಎರಡನ್ನೂ ಹೇಳುವುದಕ್ಕೇ ಕೂರಿಸಿ ಒಂದಷ್ಟು ಹೊತ್ತು ಕಳೆದೆ. ಸಂಸಾರಸ್ಥನಿಗೆ ಇದು ಬೇಗ ಹೊಳೆಯಬೇಕಿತ್ತು.

ಲೂಪರನ್ನು ಕೇಳಲು ಕೂರಿಸಿದ ಮೇಲೆ ಕಾಕಾ ಬಟ್ಟೆ ಸರಿಸಿ ಮತ್ತೆ ಬಾರಿಸಿದರು, ಅದೇ ಗತ್ತಿನಲ್ಲಿ ತಡವಾಗಿಯೇ ಒತ್ತಿದರು. ಈ ಸಲ ಲೂಪರ್ ಹೆಚ್ಚಾದ ಮಾತ್ರೆಯನ್ನು ಬಿಟ್ಟು, ತಾಳದ ಮೊದಲ ಪೆಟ್ಟಿನ ಮೇಲೆ ಸರಿಯಾಗಿ ಬಂದು ಕೂತಿತು. ಡಗ್ಗಾ ತಾನೇ ತಾನಾಗಿ ನುಡಿಯತೊಡಗಿತು. ಬಲಗೈ ಗಾಳಿಯಲ್ಲಿ ಒಂದು ಕ್ಷಣ ತಡೆದು ತಬಲಾದ ಮೇಲೆ ಇಳಿಯಿತು. ಕಾಕಾ ಕಣ್ಣು ಮುಚ್ಚಿದ್ದರು; ನಾನು ಕೈಮುಗಿದದ್ದು ಆಗಲೇ.

ಭಜನೆ ಎಂದಮೇಲೆ ಲಯ ಏರಲೇಬೇಕು. ಕಾಕಾರ ಬಲಗಾಲಿನ ಕೆಳಗೆ ಇನ್ನೊಂದು ಗುಂಡಿ ಇಟ್ಟೆ; ಹೆಜ್ಜೆ ಬಿದ್ದಷ್ಟು ಬೇಗ ತಾಳದ ಪೆಟ್ಟಿಗೆ ಓಡಬೇಕು. ಕಾಲು ಚುರುಕಾಯಿತು, ತಾಳ ಏರಿತು, ತಾಳದ ಬೆನ್ನಿಗೆ ಪೆಟ್ಟಿಗೆಯೊಳಗಿನ ಎಡಗೈಯೂ ಏರಿತು. ಬಹಳ ಏರಿದಾಗ ಡಗ್ಗಾದ ದನಿ ಸ್ವಲ್ಪ ಒಡೆಯಿತು, ನಿಜ. ನನಗೆ ಪೇಟಿ ಮುಟ್ಟುವ ಧೈರ್ಯವೂ ಆಗಲಿಲ್ಲ.

ತಲೆ ಎತ್ತಿದಾಗ ಬಾಗಿಲಲ್ಲಿ ಬಸಪ್ಪ ನಿಂತಿದ್ದ, ತಬಲಾ ಕಟ್ಟಿಕೊಂಡು ಹೋಗಲು ತಂದ ದುಪ್ಪಟಿ ಹೆಗಲ ಮೇಲೆ. ಯಾವಾಗ ಬಂದನೋ ಗೊತ್ತಿಲ್ಲ. ಕಾಕಾ ಬಲಗೈ ಎತ್ತಿ ಬೆವರು ಒರೆಸಿಕೊಂಡರು. ಡಗ್ಗಾ ನಿಲ್ಲದೆ ನುಡಿಯುತ್ತಲೇ ಇತ್ತು. ನಾನು ನಿಲ್ಲಿಸಲು ಬಗ್ಗಿದೆ. ಕಾಕಾ ಬೇಡವೆಂದು ಕೈ ಅಡ್ಡ ಹಿಡಿದರು.

"ಕುಂಡರು ಬಸಪ್ಪ," ಎಂದರು ಮೆಲ್ಲಗೆ. "ಎಡಗೈ ಇನ್ನೂ ಬಾರಸಾಕತ್ತೈತಿ."